ಮಗಳಿಗೊಂದು ಪತ್ರ: ಕ್ಯಾರಿಯರ್ ಕೆಳಗಿನ ಗ್ಯಾಪಿಗೆ ಏನು ಕೊಡಬೇಕು

ಪುಟ್ಟಿ,

ನಿನ್ನ ಬೈಕಿನ ಹಿಂದೆ ಹಾಕಲು ಮಾಡಿದ ಕ್ಯಾರಿಯರ್ ಫೋಟೊ ನೋಡಿದೆ. ಪ್ಲೇಟು ಚೆನ್ನಾಗಿ ಬಂದಿದೆ. ಮೂಲೆಗಳನ್ನು ಫೈಲ್ ಹಾಕಿ ಉರುಟು ಮಾಡಿದ್ದೀಯಲ್ಲ, ಅದು ಇನ್ನೂ ಇಷ್ಟವಾಯಿತು. ಈಗ ನಿನ್ನ ಪ್ರಶ್ನೆಗೆ ಬರೋಣ. ಹಿಂದಿನ ಎರಡು ಬೋಲ್ಟಿನ ಹತ್ತಿರ ಪ್ಲೇಟು ಫ್ರೇಮಿನ ಮೇಲೆ ಸರಿಯಾಗಿ ಕೂರುತ್ತದೆ, ಮುಂದಿನ ಎರಡರ ಹತ್ತಿರ 12 ಮಿ.ಮೀ. ಗ್ಯಾಪು ಉಳಿಯುತ್ತದೆ. ಅಲ್ಲಿ ಮರದ ತುಂಡು ಇಡಲಾ, ರಬ್ಬರ್ ಇಡಲಾ, ಇಲ್ಲ 3ಡಿ ಪ್ರಿಂಟ್ ಮಾಡಿಸಲಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ "ಹ್ಞಾಂ ಅಮ್ಮ, ಗೊತ್ತಾಯ್ತು" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೂರೂ ಬೇಡ. ಬೋಲ್ಟು ಬಿಗಿಯುವ ಜಾಗದಲ್ಲಿ ಲೋಹ ಬಿಟ್ಟು ಬೇರೇನನ್ನೂ ಇಡಬೇಡ. ಮೆತ್ತಗಿನ ವಸ್ತು ಏನೇ ಇದ್ದರೂ ಅದರ ಸುತ್ತ ಇರಲಿ.

ಯಾಕೆ ಅಂದರೆ, ಬೋಲ್ಟಿನ ಬಲ ನಮ್ಮ ಅಂದಾಜಿಗಿಂತ ತುಂಬ ಜಾಸ್ತಿ. 8.8 ಅಂತ (ಅದು ಗಟ್ಟಿತನದ ಗುರುತು) ತಲೆಯ ಮೇಲೆ ಅಚ್ಚಾಗಿರುವ ಎಂ8, ಅಂದರೆ 8 ಮಿ.ಮೀ. ದಪ್ಪದ ಬೋಲ್ಟನ್ನು 25 ನ್ಯೂಟನ್ ಮೀಟರ್ ಬಿಗಿದರೆ, ಅದು ಸುಮಾರು ಒಂದೂವರೆ ಟನ್ ಬಲದಿಂದ ಅಮುಕುತ್ತದೆ. ಒಂದು ದೊಡ್ಡ ಕಾರನ್ನೇ ಆ ಸಣ್ಣ ವಾಷರಿನ ಮೇಲೆ ನಿಲ್ಲಿಸಿದ ಹಾಗೆ. ಕ್ಯಾರಿಯರ್ ಅಲುಗಾಡದೆ ನಿಲ್ಲುವುದು ಈ ಅಮುಕಿನಿಂದಲೇ. ನಡುವೆ ಇಟ್ಟ ಪ್ಯಾಕಿಂಗ್ ದಿನ ಕಳೆದಂತೆ ಕೂದಲೆಳೆಯಷ್ಟು ಕುಗ್ಗಿದರೂ ಸಾಕು, ಅಮುಕು ಹೋಯಿತು. ಆಮೇಲೆ ಪ್ರತಿ ಗುಂಡಿಗೂ ಪ್ಲೇಟು ಒಂಚೂರು ಜಾರುತ್ತದೆ, ಬೋಲ್ಟು ಒಂಚೂರು ಬಾಗುತ್ತದೆ. ಕೊನೆಗೆ ಬೋಲ್ಟೇ ಕಡಿಯುತ್ತದೆ. ತುಂಬಿದ ಬ್ಯಾಗು ಇಟ್ಟುಕೊಂಡು ಆಗುಂಬೆ ಘಾಟಿ ಹತ್ತುವಾಗ ಅದು ಆಗಬಾರದು ಅಲ್ವಾ?

ಮರವನ್ನು ನಾನು ಬೈಯುವುದಿಲ್ಲ. ಐಎಸ್ 710 ಗುರುತಿರುವ ಮರೈನ್ ಪ್ಲೈವುಡ್ ನೀರಿಗೆ ಚೆನ್ನಾಗಿ ತಾಳುತ್ತದೆ. ಆದರೆ ಯಾವ ಮರವೂ ವಾಷರಿನ ಕೆಳಗೆ ಆ ಬಲವನ್ನು ತಾಳುವುದಿಲ್ಲ, ತಗ್ಗು ಬೀಳುತ್ತದೆ. ಮೇಲಿಂದ ಉಡುಪಿಯ ಮಳೆ. ಜೂನ್‌ನಲ್ಲಿ ಉಬ್ಬುತ್ತದೆ, ಜನವರಿಯಲ್ಲಿ ಒಣಗಿ ಕುಗ್ಗುತ್ತದೆ. ನೀನು ಸ್ಪ್ಯಾನರ್ ಹಿಡಿದುಕೊಂಡೇ ಓಡಾಡಬೇಕಾಗುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಂತೂ ಮೊದಲ ಮಳೆಗೇ ಹಪ್ಪಳ.

ಪ್ರಿಂಟ್ ಮಾಡಿಸಿದರೆ ಆಕಾರ ಚೆಂದ ಬರುತ್ತದೆ, ನಿಜ. ಆದರೆ ಎಲ್ಲರೂ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಗಾಡಿಯ ಕಪ್ಪು ಭಾಗಕ್ಕೆ ಕೈ ಇಟ್ಟು ನೋಡು, ಅದಕ್ಕೆ ತುಂಬ ದೂರವೇನೂ ಇಲ್ಲ. ಪಿಇಟಿಜಿ ಸುಮಾರು 80ರ ತನಕ ತಡೆಯುತ್ತದೆ, ಎಎಸ್‌ಎ 100ರ ಹತ್ತಿರದ ತನಕ. ಆದರೂ ಬೋಲ್ಟಿನ ಕೆಳಗೆ ಸಿಕ್ಕಿದರೆ ಮೂರೂ ನಿಧಾನಕ್ಕೆ ಕುಗ್ಗುತ್ತವೆ. ಪ್ರಿಂಟ್ ಆಸೆ ಬಿಡಲಾಗದಿದ್ದರೆ ಹಿಂಬದಿಯ ಬಾಗಿದ ಪ್ಲಾಸ್ಟಿಕ್‌ಗೆ ಒಪ್ಪುವ ಹಾಗೆ ಸುತ್ತಲಿನ ಕವರ್ ಮಾಡಿಸು. ನಡುವೆ ತೂತು ದೊಡ್ಡದಿರಲಿ, ಅದರೊಳಗೆ ಲೋಹದ ಬುಶ್, ಅಂದರೆ ಬೋಲ್ಟು ತೂರುವ ದಪ್ಪ ಕೊಳವೆ ತುಂಡು, ಕೂರಲಿ.

ಎಂಸೀಲ್ ಬಗ್ಗೆಯೂ ನೀನು ಕೇಳುತ್ತೀಯ ಅಂತ ಗೊತ್ತು. ಗಟ್ಟಿಯಾದ ಮೇಲೆ ಅಮುಕು ತಾಳುತ್ತದೆ, ಅದುರು ತಾಳುವುದಿಲ್ಲ. ಬಿರುಕು ಬಿಡುತ್ತದೆ. ನೀರು ನುಗ್ಗುವ ಸಂದು ಮುಚ್ಚಲು ಇಟ್ಟುಕೋ, ಸಾಕು.

ರಬ್ಬರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗಾಡಿಯಲ್ಲಿ ಅದುರು ಇದೆ, ಹಾಗಾಗಿ ರಬ್ಬರ್ ಕೊಟ್ಟರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಐಟಿಐನಲ್ಲಿ ನನ್ನ ಫಿಟ್ಟರ್ ಹುಡುಗರೂ ಇದನ್ನೇ ಹೇಳುತ್ತಿದ್ದರು. ಸಾಧ್ಯವಾದರೆ ನಿನ್ನ ಗಾಡಿಯ ಸೈಡ್ ಪ್ಯಾನೆಲ್ಲನ್ನೋ ಪೆಟ್ರೋಲ್ ಟ್ಯಾಂಕಿನ ಬೋಲ್ಟನ್ನೋ ಒಮ್ಮೆ ಬಿಚ್ಚಿ ನೋಡು. ಹೆಚ್ಚಿನ ಗಾಡಿಗಳಲ್ಲಿ ಅಲ್ಲಿ ರಬ್ಬರ್ ಇರುತ್ತದೆ, ಅದರ ಹೊಟ್ಟೆಯೊಳಗೆ ಒಂದು ಸಣ್ಣ ಕಬ್ಬಿಣದ ಕಾಲರ್ ಇರುತ್ತದೆ. ಬೋಲ್ಟು ಬಿಗಿಯುವುದು ಕಾಲರನ್ನು, ರಬ್ಬರನ್ನಲ್ಲ. ಕಾಲರ್ ಎತ್ತರ ರಬ್ಬರಿಗಿಂತ ಒಂದು ಮಿ.ಮೀ. ಕಮ್ಮಿ ಇರುತ್ತದೆ ಅಂದುಕೋ. ಬಿಗಿದಾಗ ರಬ್ಬರ್ ಅಷ್ಟು ಮಾತ್ರ ಅಮುಕಿಕೊಳ್ಳುತ್ತದೆ, ಆಮೇಲೆ ಬೋಲ್ಟು ಕಾಲರಿಗೆ ತಾಗಿ ನಿಲ್ಲುತ್ತದೆ. ರಬ್ಬರಿಗೆ ಜಾಗ ಉಳಿಯಿತು, ಬೋಲ್ಟೂ ಬಿಗಿಯಾಯಿತು.

ನೀನೂ ಇದೇ ಲೆಕ್ಕ ಹಿಡಿ, ಆದರೆ ಫ್ರೇಮ್ ಮತ್ತು ಕ್ಯಾರಿಯರ್ ನಡುವೆ ಬೇಡ. ಪ್ಲೇಟಿನ ಮೇಲೆ ಬಾಕ್ಸ್ ಕೂರುತ್ತದಲ್ಲ, ಅಲ್ಲಿ ಮಾಡು. ಭಾರ ಹೊರುವ ಕ್ಯಾರಿಯರ್ ಫ್ರೇಮಿಗೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ಒಳಗಿನ ಲ್ಯಾಪ್‌ಟಾಪ್ ಬೇಕಾದರೆ ಮೆತ್ತಗಿರಲಿ. ಅಲ್ಲಿಗೆ ಇಪಿಡಿಎಂ ರಬ್ಬರ್ ತಗೋ, ಬಿಸಿಲು ಮಳೆಗೆ ಬೇಗ ಸೀಳುವುದಿಲ್ಲ. ಆದರೆ ಚೈನ್ ಆಯಿಲ್, ಪೆಟ್ರೋಲ್ ತಾಗಿದರೆ ಉಬ್ಬುತ್ತದೆ, ಅದೊಂದು ನೋಡಿಕೋ. ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೇ ಟ್ಯೂಬು ಬಣ್ಣ ಉಜ್ಜಿಹೋಗದ ಹಾಗೆ ಪೈಪಿಗೆ ಸುತ್ತಲು ಬಹಳ ಒಳ್ಳೆಯದು, ದುಡ್ಡೂ ಇಲ್ಲ. ಹವಾಯಿ ಚಪ್ಪಲಿ ಕತ್ತರಿಸಿ ಇಡುವುದು ಮಾತ್ರ ಬೇಡ. ಒಮ್ಮೆ ಚಪ್ಪಟೆಯಾದರೆ ಮತ್ತೆ ಏಳುವುದೇ ಇಲ್ಲ.

ಹಾಗಾದರೆ 12 ಮಿ.ಮೀ. ಗ್ಯಾಪಿಗೆ ಏನು? ಲೇತಿನಲ್ಲಿ ಕಡೆದ ಬುಶ್. ಹೊರಗೆ 20 ಮಿ.ಮೀ., ತೂತು ಎಂಟೂವರೆ. ವಾಷರ್‌ಗಳನ್ನೇ ಪೇರಿಸಿದರೆ ಆಗಲ್ವಾ ಅಂದರೆ, ಒಂದೆರಡಾದರೆ ಸರಿ. ಏಳೆಂಟು ಪೇರಿಸಿದರೆ ಪ್ರತಿ ಜೋಡಣೆಯಲ್ಲೂ ಬಣ್ಣ, ಕೊಳೆ, ಸೊಟ್ಟ ಇರುತ್ತದೆ, ಬಿಗಿ ಅಲ್ಲೇ ಕಳೆದುಹೋಗುತ್ತದೆ. ಕಬ್ಬಿಣದ್ದಾ, ಅಲ್ಯುಮಿನಿಯಂದಾ? ತೂಕದ ಲೆಕ್ಕ ಬಿಡು. ಎರಡು ಬುಶ್ ಸೇರಿ ಕಬ್ಬಿಣದ್ದು 50 ಗ್ರಾಂ ಹತ್ತಿರ, ಅಲ್ಯುಮಿನಿಯಂದು 17 ಗ್ರಾಂ. ನಿನ್ನ ಪ್ಲೇಟು ಅಲ್ಯುಮಿನಿಯಂ, ಫ್ರೇಮು ಕಬ್ಬಿಣ. ಉಪ್ಪಿನ ಗಾಳಿಯಲ್ಲಿ ಇವೆರಡೂ ತಾಗಿಕೊಂಡು ಒದ್ದೆಯಾದರೆ ತಿನ್ನಿಸಿಕೊಳ್ಳುವುದು ಅಲ್ಯುಮಿನಿಯಂ. ಹಾಗಾಗಿ ಬುಶ್ ಅಲ್ಯುಮಿನಿಯಂದೇ ಇರಲಿ. ಸವೆಯುವುದಾದರೆ ಬುಶ್ ಸವೆಯಲಿ, ಪ್ಲೇಟು ಉಳಿಯಲಿ. ಹಿಂದಿನ ಎರಡು ಕಡೆ ಪ್ಲೇಟೇ ನೇರವಾಗಿ ಕೂರುವುದರಿಂದ ಅಲ್ಲಿ ಬಣ್ಣ ಕಿತ್ತು ಹೋಗದ ಹಾಗೆ ನೋಡಿಕೋ, ಗ್ರೀಸ್ ಸವರು. ಸ್ಟೇನ್‌ಲೆಸ್ ಬೋಲ್ಟಿಗೆ ಮರುಳಾಗಬೇಡ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಟೇನ್‌ಲೆಸ್ 8.8ಕ್ಕಿಂತ ಮೆತ್ತಗೆ, ಅಲ್ಯುಮಿನಿಯಂ ಜೊತೆ ಜಗಳವೂ ಜಾಸ್ತಿ. ಜಿಂಕ್ ಹಾಕಿದ 8.8 ತಗೋ. ಮುಂದಿನ ಎರಡು ಬೋಲ್ಟು ಹಳೆಯದಕ್ಕಿಂತ ಉದ್ದ ಬೇಕು. ಬುಶ್ ಮತ್ತು ಪ್ಲೇಟಿನ ದಪ್ಪ ಕಳೆದ ಮೇಲೂ ಕಮ್ಮಿ ಅಂದರೆ 8 ಮಿ.ಮೀ. ಮರೆ (ಥ್ರೆಡ್) ಒಳಗೆ ಹಿಡಿದಿರಬೇಕು. ಎಷ್ಟು ಬಿಗಿಯಬೇಕು ಅನ್ನುವುದಕ್ಕೆ ಗಾಡಿಯ ಪುಸ್ತಕ ಹೇಳಿದ್ದೇ ಕೊನೆಯ ಮಾತು. ಹಿಂದೆ ಎಷ್ಟು ಕಿಲೋ ಹೇರಬಹುದು ಅನ್ನುವುದೂ ಅದರಲ್ಲೇ ಇರುತ್ತದೆ, ಓದು.

ಇನ್ನೊಂದು ನೀನು ಕೇಳಿಲ್ಲ, ಫೋಟೊದಲ್ಲಿ ನನ್ನ ಕಣ್ಣಿಗೆ ಬಿತ್ತು. ಪಕ್ಕದ ಸ್ಟೇಗೆ, ಅಂದರೆ ಕ್ಯಾರಿಯರಿಗೆ ಆಸರೆ ಕೊಡುವ ಕಂಬಿಗೆ, ಚೌಕದ ಪೈಪು ಹಾಕಿ ಅದಕ್ಕೆ ಆರಪಾರ ತೂತು ಕೊರೆದಿದ್ದೀಯ. ಒಳಗೆ ಖಾಲಿ. ಬೋಲ್ಟು ಬಿಗಿದಂತೆ ಪೈಪಿನ ಗೋಡೆ ಒಳಗೆ ಕುಸಿಯುತ್ತದೆ. ಬಿಗಿಯಾಯಿತು ಅಂತ ಅನಿಸುತ್ತದೆ, ಅಸಲಿಗೆ ಪೈಪು ಬಾಗುತ್ತಿರುತ್ತದೆ. ಕೆಲವರು ಇದಕ್ಕೆ ಮರದ ಬೆಣೆ ಹೊಡೆಯುತ್ತಾರೆ. ಅದು ನೀರು ಹಿಡಿದುಕೊಂಡು ಪೈಪನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಹೊರಗೆ ಬಣ್ಣ ಫಳಫಳ ಇರುತ್ತದೆ. ತೂತು ದೊಡ್ಡದು ಮಾಡಿ, ಪೈಪಿನ ಅಗಲಕ್ಕೆ ಸರಿಯಾದ ಕಬ್ಬಿಣದ ಬುಶ್ ತೂರಿಸಿ, ಎರಡೂ ಬದಿ ವೆಲ್ಡ್ ಮಾಡಿಸು. ಸ್ಟೇಯನ್ನು ಗಾಡಿಯಿಂದ ಬಿಚ್ಚಿ ಕೊಂಡೊಯ್ಯಿ. ಜಿಂಕ್ ಲೇಪದ ಜಿಐ ಪೈಪಾಗಿದ್ದರೆ ವೆಲ್ಡ್ ಆಗುವ ಜಾಗದ ಜಿಂಕನ್ನು ಮೊದಲೇ ಉಜ್ಜಿ ತೆಗೆಯಬೇಕು. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ.

ಎಲ್ಲ ಕೂರಿಸಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿನ ತನಕ ನೈಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆ. ನೀನು ಬಿಟ್ಟು ಹೋದ ಕೆಂಪು ಬಾಟಲಿ ಇಲ್ಲೇ ಇದೆ, ಕಳಿಸುತ್ತೇನೆ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ ಅಂತ ಅರ್ಥ. ಮೊದಲ ನೂರು ಕಿಲೋಮೀಟರ್ ಆದ ಮೇಲೆ ಗೆರೆ ಸರಿಯಿದ್ದರೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡು.

ಬುಶ್‌ಗಳನ್ನು ಇಲ್ಲೇ ಶಿವಮೊಗ್ಗದಲ್ಲಿ ಕಡೆಸುತ್ತೇನೆ, ಗುರುತಿನವರ ಲೇತಿದೆ. ನೀನು ವರ್ನಿಯರ್ ಹಿಡಿದು ಎಡದ ಗ್ಯಾಪು ಎಷ್ಟು, ಬಲದ್ದು ಎಷ್ಟು ಅಂತ ಬೇರೆ ಬೇರೆ ಅಳೆದು ಕಳಿಸು. ಎರಡೂ ಒಂದೇ ಇರುತ್ತದೆ ಅಂತ ಸುಮ್ನೆ ಅಂದುಕೊಳ್ಳಬೇಡ. ಚೌಕ ಪೈಪಿನ ಹೊರಗಿನ ಅಳತೆಯೂ ಬೇಕು. ಶನಿವಾರದೊಳಗೆ ಬಂದರೆ ಸೋಮವಾರದ ಬಸ್ಸಿಗೆ ಹಾಕುತ್ತೇನೆ.

ಅಮ್ಮ