ಬೇಲೂರಲ್ಲಿ ಇಳಿದ ಅಕ್ಕನಿಗೆ

ಮೊನ್ನೆ ಹಾಸನ–ಚಿಕ್ಕಮಗಳೂರು ಬಸ್ಸಿನಲ್ಲಿ ನನ್ನ ಮಗಳ ಪಕ್ಕ ಕೂತಿದ್ದ ಅಕ್ಕ, ನಿಮಗೆ ಥ್ಯಾಂಕ್ಸ್. ಹೆಸರು ಕೇಳೋಕೂ ಆಗಲಿಲ್ಲ.

ಮಾರನೇ ದಿನ ಇಂಗ್ಲಿಷ್ ಪರೀಕ್ಷೆ. 'ಗೋ' ಭೂತಕಾಲದಲ್ಲಿ ಯಾಕೆ 'ವೆಂಟ್' ಆಗುತ್ತೆ ಅಂತ ಅವಳ ಕಣ್ಣಲ್ಲಿ ನೀರು. ಹೇಳಿಕೊಡೋಕೆ ನನಗೂ ಬರಲ್ಲ.

ನೀವು ಅವಳ ನೋಟ್‌ಬುಕ್ ತಗೊಂಡು ಇಂಥ ಕ್ರಿಯಾಪದಗಳನ್ನು ಗುಂಪು ಮಾಡಿದಿರಿ. ಕಟ್, ಪುಟ್, ಹಿಟ್ ಬದಲಾಗೋದೇ ಇಲ್ಲ. ಸಿಂಗ್–ಸ್ಯಾಂಗ್, ರಿಂಗ್–ರ್‍ಯಾಂಗ್ ಒಂದೇ ಮನೆಯವು. ಬ್ರಿಂಗ್ ಮಾತ್ರ ಬ್ರಾಟ್, ಹುಷಾರು! ಅದನ್ನು ಥಿಂಕ್–ಥಾಟ್ ಜೊತೆ ಸೇರಿಸಿದಿರಿ. 'ವೆಂಟ್' ಮೊದಲು 'ವೆಂಡ್' ಅನ್ನೋ ಬೇರೆ ಕ್ರಿಯಾಪದದ್ದಂತೆ! ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಬಸ್ಸು ಕುಲುಕಿದಾಗೆಲ್ಲ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದಿರಿ, ಅಕ್ಷರ ಕೆಡದಿರಲಿ ಅಂತ. ಇಳಿಯುವಾಗ ಆ ಪೆನ್ನನ್ನೂ ಅವಳಿಗೇ ಕೊಟ್ಟಿರಿ. ಆಮೇಲೆ ಚಿಕ್ಕಮಗಳೂರು ಬರೋವರೆಗೂ ಮಗಳು ನನಗೇ ಪ್ರಶ್ನೆ ಕೇಳಿದಳು. ನನಗಂತೂ ಉಸಿರು ಬಂದ ಹಾಗಾಯ್ತು.