ಮಳೆ ಹಿಡಿಯುವ ಮುಂಚೆ ನಮ್ಮ ಶಾಲೆಯ ಮಾಡಿಗೊಂದು ಸಹಾಯ

ಪ್ರೀತಿಯ ಹಳೆ ವಿದ್ಯಾರ್ಥಿಗಳೇ, ನಮ್ಮ ಕ್ರೈಸ್ತ ಸಭೆಯ ಬಂಧುಗಳೇ,

ಹೋದ ಜುಲೈಯಲ್ಲಿ ನಮ್ಮ ಏಳನೇ ಕ್ಲಾಸಿನ ಮಕ್ಕಳು ಕೊಡೆ ಬಿಡಿಸಿಕೊಂಡೇ ಪಾಠ ಕೇಳಿದರು. ಸುಮ್ನೆ ಹೇಳುತ್ತಿಲ್ಲ. ಹಂಚಿನ ಕೆಳಗಿನ ಮರದ ರೀಪು ಗೆದ್ದಲು ಹಿಡಿದು ಹಂಚು ಜಾರಿದೆ. ಬೋರ್ಡಿನ ಹತ್ತಿರ ಎರಡು ಬಕೆಟ್, ಹಿಂದಿನ ಬೆಂಚಿನ ಪಕ್ಕ ಬಿಸಿಯೂಟದ ದೊಡ್ಡ ಪಾತ್ರೆ. ಅನ್ನಕ್ಕೆ ಇಡುವ ಹೊತ್ತಿಗೆ ಅದನ್ನು ತೊಳೆದು ವಾಪಸ್ ಕೊಡಬೇಕು. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ರಿಪೇರಿಗೆ ಬಂದವರು ಮಾಡು ಹೊರುವ ಹಳೆ ಮರದ ಪಕ್ಕಾಸಿಗೆ ಬಣ್ಣ ಬಳಿದು ಹೋದರು. ನಾವು ಹತ್ತಿ ನೋಡಲಿಲ್ಲ, ತಪ್ಪು ನಮ್ಮದೂ ಇದೆ.

ಬಿದ್ದ ಹಂಚೊಂದನ್ನು ಮಗುಚಿ ನೋಡಿದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಅಚ್ಚು, ಕೆಳಗೆ 1865. ನಿಮಗೆ ಗೊತ್ತಿರುವ ಕಥೆಯೇ, ಆದರೂ ಹೇಳದೆ ಇರಲಾಗುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳು ಕಂಡದ್ದೇನು? ದೀಕ್ಷಾಸ್ನಾನ ಪಡೆದು ಕ್ರೈಸ್ತನಾದವನಿಗೆ ಮರುದಿನ ಮನೆಯಿಲ್ಲ, ಕುಲಕಸುಬಿಲ್ಲ. ಬರೀ ಪ್ರಾರ್ಥನೆ ಕಲಿಸಿದರೆ ಹೊಟ್ಟೆ ತುಂಬುತ್ತದಾ? ಹಾಗಂತ ದಿನಾ ಅಕ್ಕಿ ಅಳೆದು ಕೊಡುವುದೂ ಅವರಿಗೆ ಸರಿಕಾಣಲಿಲ್ಲ. ಅವರು ಪಯಟಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಥದವರು, ಮೈಮುರಿದು ದುಡಿಯುವುದೂ ದೇವರ ಸೇವೆಯೇ ಎಂದು ನಂಬಿದವರು. 1841ರಲ್ಲಿ ಅಚ್ಚುಕೂಟ ಶುರುಮಾಡಿದರು, ಆಮೇಲೆ ಮಗ್ಗ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನರಿ ಪ್ಲೆಬ್ಸ್ಟ್ ಅವರ ಹಂಚಿನ ಕಾರ್ಖಾನೆ. ಸುವಾರ್ತೆಗೆ ಹೋದವರಿಗೆ ವ್ಯಾಪಾರ ಯಾಕೆ ಎಂದು ಬಾಸೆಲ್‌ನಲ್ಲೇ ತಕರಾರು ಎದ್ದಿತ್ತು. ಪಾದ್ರಿಯೂ ಧಣಿಯೂ ಒಂದೇ ಕಡೆಯವರಾದರೆ ಕೆಲಸದವನು ಬಾಯಿ ಬಿಡುವುದು ಕಷ್ಟ, ಅದೂ ನಿಜ ಅಲ್ವಾ. ಆದರೆ ಅದೇ ಅಚ್ಚುಕೂಟದಿಂದ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂತು, 1894ರಲ್ಲಿ ಕಿಟ್ಟೆಲರ ನಿಘಂಟು ಬಂತು. ನಮ್ಮ ಅಜ್ಜಂದಿರು ಹಂಚಿಗೆ ಮಣ್ಣು ತುಳಿದದ್ದು ಆ ಕಾರ್ಖಾನೆಯಲ್ಲಿ, ಅಚ್ಚಿನ ಮೊಳೆ ಜೋಡಿಸಿದ್ದು ಆ ಅಚ್ಚುಕೂಟದಲ್ಲಿ. ಅವರ ಕೂಲಿಯಿಂದ ಎದ್ದ ಶಾಲೆ ಇದು.

ಇವತ್ತು ಇಲ್ಲಿ ಕೂರುವುದು ಬೀಡಿ ಕಟ್ಟುವ ಅಮ್ಮಂದಿರ ಮಕ್ಕಳು, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಯಾವ ಜಾತಿ, ಯಾವ ಧರ್ಮ ಅಂತ ಕೇಳಿದ್ದಿಲ್ಲ. ಹಲವರ ಮನೆ ಟಾರ್ಪಾಲಿನದ್ದು. ಅಲ್ಲೂ ಸೋರುತ್ತದೆ, ಇಲ್ಲೂ ಸೋರುತ್ತದೆ.

ತಗಡು ಹಾಕಿಸಿ, ಖರ್ಚು ಕಡಿಮೆ ಎಂದವರಿದ್ದಾರೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ತಗಡಿನ ಕೆಳಗೆ ಟೀಚರ ಮಾತು ಕೇಳಿಸುವುದಿಲ್ಲ. ಹಂಚೇ ಹಾಕುತ್ತೇವೆ. ಮರ, ಕೂಲಿ ಎಲ್ಲ ಸೇರಿ ಎಂಟೊಂಬತ್ತು ಲಕ್ಷ ಬೇಕು. ಕೈಯಲ್ಲಿರುವುದು ಎರಡೂವರೆ. ಮೇ ಕೊನೆಗೆ ಶಾಲೆ ಶುರು, ಬಡಗಿಗೆ ಒಂದು ತಿಂಗಳಾದರೂ ಬೇಕು. ಆದ್ದರಿಂದ ಏಪ್ರಿಲ್ ಹದಿನೈದರ ಒಳಗೆ ಆದಷ್ಟು ಕೊಡಿ. ಶಾಲೆಯ ಆಫೀಸಿನಲ್ಲೇ ರಸೀದಿ ಸಿಗುತ್ತದೆ. ಐನೂರೂ ದೊಡ್ಡದೇ.

ಹಳೆ ಮನೆ ಕೆಡವಿ ಹಂಚನ್ನು ಹಿತ್ತಲಲ್ಲಿ ಪೇರಿಸಿಟ್ಟಿದ್ದೀರಾ? ಒಂದು ಮಾತು ತಿಳಿಸಿ. ಟೆಂಪೋ ನಾವೇ ಕಳಿಸುತ್ತೇವೆ.

ಇಂತಿ,
ಶಾಲೆಯ ಟ್ರಸ್ಟಿಗಳು