ರೇಂಜ್ ಸಿಗುವ ಬಂಡೆಗೆ ಮೊದಲ ನಮಸ್ಕಾರ

ಕಳೆದ ವಾರ ನನ್ನ ಹನ್ನೊಂದನೇ ಕಾದಂಬರಿಯ ಪ್ರತಿಗಳು ಬಸ್ಸಿನಲ್ಲಿ ಬಂದವು. ಸೋಮವಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಎರಡು ಕಟ್ಟು ಇಳಿಸಿ, "ಏನಕ್ಕಾ ಇಷ್ಟು ಭಾರ, ಗೊಬ್ಬರವಾ?" ಅಂದರು. ಲವ್ ಸ್ಟೋರಿ ಅಂದೆ. ನಂಬಲಿಲ್ಲ.

ಹತ್ತನೆಯದು ಬಂದದ್ದು 2018ರ ಬೇಸಿಗೆಯಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಏನಾಯಿತು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗೆ ಗುಡ್ಡ ಕುಸಿದ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಅಂದರೆ ಸಾಕು. ನಮ್ಮದು ಮಾದಾಪುರದ ಕಡೆ ಮೂರು ಎಕರೆ ತೋಟ. ಅದರಲ್ಲಿ ಮುಕ್ಕಾಲು ಎಕರೆ ಒಂದೇ ಬೆಳಗ್ಗೆ ಜರಿದು ಕೆಳಗೆ ಹೋಯಿತು. ಮನೆ ಉಳಿಯಿತು, ಹಿಂದಿನ ಕೋಣೆ ಉಳಿಯಲಿಲ್ಲ. ಆ ಕೋಣೆಯಲ್ಲಿ ನನ್ನ ಇಪ್ಪತ್ತು ವರ್ಷದ ನೋಟ್‌ಬುಕ್ಕುಗಳಿದ್ದವು. ಸುತ್ತಮುತ್ತ ಜನ ಮನೆಯವರನ್ನೇ ಕಳೆದುಕೊಂಡಿರುವಾಗ ನೋಟ್‌ಬುಕ್ಕಿಗೆ ಅಳಲು ನಾಚಿಕೆಯಾಯಿತು. ಯಾರಿಗೂ ಹೇಳಲಿಲ್ಲ. ಆಮೇಲೆ ಬರೆಯಲು ಕೂತರೆ 'ಮಳೆ' ಅನ್ನುವ ಪದ ಬಂದ ಕಡೆ ಪೆನ್ನು ನಿಲ್ಲುತ್ತಿತ್ತು. ಕೊಡಗಿನಲ್ಲಿ ಕೂತು, ಅದೂ ಪ್ರೇಮದ ಕಥೆ, ಮಳೆ ಇಲ್ಲದೆ ಹೇಗೆ ಬರೆಯುವುದು?

ಅಂತೂ ಬರೆದೆ. ಪುಸ್ತಕದ ಮೊದಲ ಪುಟದಲ್ಲಿ 'ಪಾತ್ರಗಳೆಲ್ಲ ಕಾಲ್ಪನಿಕ' ಅಂತ ಅಚ್ಚಾಗಿದೆ. ಅದು ಅರ್ಧ ಸುಳ್ಳು. ಯಾರ ಯಾರ ಹತ್ತಿರ ಏನೇನು ಎತ್ತಿಕೊಂಡೆ ಅಂತ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಮೊದಲು ನಮ್ಮ ತೋಟದ ಮೇಲಿನ ಬಂಡೆ. ಮೊಬೈಲ್ ಬಂದ ಮೇಲೆ ನಮ್ಮಂಥವರ ಕಸುಬಿಗೆ ಕಲ್ಲು ಬಿತ್ತು. ಹಿಂದೆ ಒಂದು ಕಾಗದ ತಪ್ಪಿ ಬೇರೆಯವರ ಕೈಗೆ ಸಿಕ್ಕಿದರೆ ಹದಿನೈದು ವಾರ ಧಾರಾವಾಹಿ ಓಡುತ್ತಿತ್ತು. ಈಗ ಓದುಗರು "ಒಂದು ಫೋನ್ ಮಾಡಬಾರದಿತ್ತಾ?" ಅಂತ ಕೇಳುತ್ತಾರೆ. ನನ್ನ ಪುಣ್ಯಕ್ಕೆ ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಹೋಗುತ್ತದೆ. ಉಳಿಯುವುದು ಆ ಬಂಡೆ ಒಂದೇ. ಅದರ ಮೇಲೆ ನಿಂತು ಸ್ವಲ್ಪ ಎಡಕ್ಕೆ ವಾಲಿದರೆ ಎರಡು ಕಡ್ಡಿ ರೇಂಜ್. ಹಾಗಾಗಿ ಗುಟ್ಟಿನ ಮಾತಿರುವವರೆಲ್ಲ ಅಲ್ಲಿಗೆ ಹತ್ತಬೇಕು, ಅಡುಗೆಮನೆ ಕಿಟಕಿಯಲ್ಲಿ ನಾನು ನೋಡಲೇಬೇಕು. ಮಾತು ಕೇಳಿಸುವುದಿಲ್ಲ. ಭುಜ ಕಾಣುತ್ತದೆ. ಸಾಲದವರ ಜೊತೆ ಮಾತಾಡುವ ಭುಜ ಬೇರೆ, ಅಮ್ಮನ ಜೊತೆ ಮಾತಾಡುವ ಭುಜ ಬೇರೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದ ಹುಡುಗನೊಬ್ಬ ದಿನಾ ಸಂಜೆ ಕೊಡೆ ಹಿಡಿದು ಹತ್ತುತ್ತಿದ್ದ. ಹೆಂಡತಿ ಜೊತೆ ಮಾತಾಡುವಾಗ ಕೊಡೆಯನ್ನು ತನ್ನ ತಲೆಗಲ್ಲ, ಫೋನಿಗೆ ಹಿಡಿಯುತ್ತಿದ್ದ. ಮೈಯೆಲ್ಲ ತೊಪ್ಪೆ. ಎಷ್ಟೋ ಕಾಲದ ಮೇಲೆ ನಾನು 'ಮಳೆ' ಅಂತ ಬರೆದು ಮುಂದಿನ ಪದಕ್ಕೆ ಹೋದದ್ದು ಅವನನ್ನು ನೋಡಿದ ರಾತ್ರಿ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಪುಸ್ತಕ ಕೊಟ್ಟೆ, ಹೊದಿಕೆಯಲ್ಲಿ ಬಂಡೆ ನೋಡಿ ನಕ್ಕ.

ಎರಡನೆಯದು ಪಕ್ಕದ ತೋಟದ ಮಾಮನಿಗೆ. ನನ್ನ ಮೂರನೇ ಕಾದಂಬರಿಯಲ್ಲಿ ನಾಯಕಿ ಕಾಫಿ ಹೂವಿನ ನಡುವೆ ಮಳೆಯಲ್ಲಿ ನೆನೆಯುತ್ತಾ ಕುಣಿಯುತ್ತಾಳೆ. ಓದಿದ ಮಾಮ ಕೋಲು ಊರಿಕೊಂಡು ಮನೆಗೇ ಬಂದರು. "ಹೂ ಅರಳಿದ ದಿನ ಮಳೆ ಬಿದ್ದರೆ ಅವಳು ಅಳಬೇಕಮ್ಮಾ, ಕುಣಿಯುವುದಲ್ಲ." ತೋಟದಲ್ಲೇ ಹುಟ್ಟಿ ನಾನು ಮಾಡಿದ ತಪ್ಪು ಅದು. ಹೂಮಳೆ ಮೊದಲೇ ಬೀಳಬೇಕು, ಫೆಬ್ರವರಿ ಮಾರ್ಚಿನಲ್ಲಿ. ಎಂಟು ಹತ್ತು ದಿನಕ್ಕೆ ಹೂ. ಆಗ ಬಿಸಿಲಿರಬೇಕು, ಜೇನು ಹಾರಬೇಕು. ಅರಳಿದ ಹೂವಿನ ಮೇಲೆ ಮಳೆ ಹೊಯ್ದರೆ ಕಾಯಿ ಕಚ್ಚುವುದಿಲ್ಲ. ಹಾಗೇ ಮಾತಿನ ಮೇಲೆ ಮಾತು ಬಂದು ಮಾಮ ಇನ್ನೊಂದು ಹೇಳಿದರು. ಕಾಫಿಯ ಎರಡು ಜಾತಿಯಲ್ಲಿ ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಗೆ ಆಗುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಕಾಲಿನಲ್ಲೋ ಬರಲೇಬೇಕು. ನೋಡಲು ರೊಬಸ್ಟಾನೇ ಗಟ್ಟಿ ಗಿಡ, ಅಲ್ವಾ? ಕಾಂಡ ಕೊರೆಯುವ ಹುಳ, ಬಿಳಿಕಾಂಡಕೊರಕ, ಕಾಟ ಕೊಡುವುದೂ ಅರೇಬಿಕಾಗೇ. ಈ ಹೊಸ ಕಾದಂಬರಿಯ ನಾಯಕ ಅಲ್ಲಿಂದ ಬಂದ. ಗಟ್ಟಿ ಆಳು, ಒಬ್ಬನೇ ಇರಲಾರ. ನಾಯಕಿ ಒಬ್ಬಳೇ ಆರಾಮಾಗಿದ್ದಾಳೆ, ಅವನ ತೊಂದರೆಯೇ ಅದು.

ನಾನು ಬರೆಯುವ ಕ್ರಮ ಕೇಳುವವರಿದ್ದಾರೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಬೆಲ್ಲದ ಕಾಫಿ ಕುಡಿದು, ಆಳುಗಳ ಜೀಪು ಬರುವವರೆಗೆ ಬರೆಯುತ್ತೇನೆ. ಮೊದಲು ಜಗಳ ಬರೆಯುತ್ತೇನೆ. ಇಬ್ಬರನ್ನು ಸೇರಿಸುವುದು ಯಾರಾದರೂ ಮಾಡುತ್ತಾರೆ. ಸೇರದೇ ಇರಲು ಒಂದು ಒಪ್ಪುವಂಥ ಕಾರಣ ಹುಡುಕುವುದರಲ್ಲೇ ವರ್ಷ ಹೋಗುತ್ತದೆ.

ಬರೆಯಬಹುದು ಅಂತ ಮೊದಲು ಅನ್ನಿಸಿದ್ದು ಹೈಸ್ಕೂಲಿನಲ್ಲಿ, ಕನ್ನಡ ಟೀಚರ್ ಕೊಡಗಿನ ಗೌರಮ್ಮನ ಕಥೆ ಓದಿದಾಗ. ಸುಂಟಿಕೊಪ್ಪದ ಹತ್ತಿರ ಗುಂಡುಗುಟ್ಟಿ ತೋಟದಲ್ಲಿ ಸಂಸಾರ ಮಾಡಿಕೊಂಡಿದ್ದವರು ಅಂತ ಕೇಳಿ ಬೆರಗಾಗಿದ್ದೆ. ಕಥೆ ಬರೆಯುವವರು ಮೈಸೂರು ಧಾರವಾಡದಲ್ಲಿ ಮಾತ್ರ ಇರುತ್ತಾರೆ ಅಂದುಕೊಂಡಿದ್ದೆ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಬರೀ 27 ವರ್ಷ. ಆ ವಯಸ್ಸಿಗೆ ನಾನು ಒಂದು ಸಾಲೂ ಅಚ್ಚು ಮಾಡಿಸಿರಲಿಲ್ಲ.

ಹಾಸನದ ಓದುಗರೊಬ್ಬರ ಋಣ ದೊಡ್ಡದು. ನನ್ನ ನೋಟ್‌ಬುಕ್ಕು ಹೋದ ಸುದ್ದಿ ಹೇಗೋ ತಿಳಿದು, ಒಂದು ಪಾರ್ಸೆಲ್ ಕಳಿಸಿದರು. ವಾರಪತ್ರಿಕೆಯಿಂದ ಹಾಳೆ ಕಿತ್ತು, ಗೋಣಿದಾರದಲ್ಲಿ ಹೊಲಿದು, ರಟ್ಟು ಹಾಕಿದ ನನ್ನ ನಾಲ್ಕು ಧಾರಾವಾಹಿ. ಅವರ ಅಮ್ಮ ಮಾಡಿಟ್ಟದ್ದಂತೆ. ನಾನು ಪುಸ್ತಕ ಮಾಡಿಸದೇ ಬಿಟ್ಟಿದ್ದ ಒಂದು ಕಥೆಯೂ ಅದರಲ್ಲಿತ್ತು. ಅಂಚಿನಲ್ಲಿ ಪೆನ್ಸಿಲಿನಿಂದ ಆ ಅಮ್ಮ ಬರೆದಿದ್ದಾರೆ: 'ಇವಳಿಗೆ ಬುದ್ಧಿ ಇಲ್ಲ.' ಮೂರು ವಾರದ ನಂತರ ಅದೇ ಕೈಬರಹ: 'ಈಗ ಸ್ವಲ್ಪ ಬಂತು.' ಇಷ್ಟು ಸರಿಯಾದ ವಿಮರ್ಶೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಮ್ಮ ಮನೆಯವರು ನನ್ನ ಕಾದಂಬರಿ ಓದುವುದಿಲ್ಲ. ಬೆಲೆ ನೋಡಿ ಕೆಳಗಿಡುತ್ತಾರೆ. ಒಂದು ಸಲ ಸಂತೆಯಲ್ಲಿ ಓದುಗರೊಬ್ಬರು ಅವರನ್ನು ಮೇಲಿಂದ ಕೆಳಗೆ ನೋಡಿ "ಓ, ಇವರಾ?" ಅಂತ ಸಪ್ಪಗಾದರು, ಪಾಪ. ಆದರೆ ಜರಿದ ಜಾಗದಲ್ಲಿ ಬಿದ್ದಿದ್ದ ಸಿಲ್ವರ್ ಮರ ಕೊಯ್ಸಿ, ಒಂದು ಮೇಜು ಮಾಡಿಸಿ, ಸುಮ್ನೆ ಕಿಟಕಿ ಪಕ್ಕ ಇಟ್ಟವರು ಇವರೇ. ಬರಿ ಅಂತ ಒಂದು ಮಾತು ಹೇಳಲಿಲ್ಲ. ಆರು ತಿಂಗಳು ಅದರ ಮೇಲೆ ಕರಿಮೆಣಸಿನ ಚೀಲ ಕೂತಿತ್ತು. ಆಗಲೂ ಏನೂ ಹೇಳಲಿಲ್ಲ.

ಕೊನೆಗೆ ಅಜ್ಜ ಅಜ್ಜಿ. ಆ ಆಗಸ್ಟಿನಲ್ಲಿ ನಾವಿದ್ದ ಪರಿಹಾರ ಕೇಂದ್ರದಲ್ಲಿ ಗಂಡಸರಿಗೆ ಒಂದು ಹಾಲ್, ಹೆಂಗಸರಿಗೆ ಒಂದು. ಅಜ್ಜ ದಿನಾ ಮೂರು ಹೊತ್ತು ನಮ್ಮ ಬಾಗಿಲಿಗೆ ಬಂದು, ಹಲ್ಲಿಲ್ಲದ ಹೆಂಡತಿಗೆ ಅಡಿಕೆ ಸಣ್ಣಗೆ ಕತ್ತರಿಸಿ ಕೊಟ್ಟು ಹೋಗುತ್ತಿದ್ದರು. ಮನೆ ಬಿಟ್ಟು ಓಡುವಾಗ ರೇಷನ್ ಕಾರ್ಡ್ ಮರೆತು ಅಡಕತ್ತರಿ ತಂದಿದ್ದರಂತೆ. ಅಜ್ಜಿ ಆ ಅಡಿಕೆ ಅಗಿಯುತ್ತಲೇ ಅವರನ್ನು ಬೈಯುತ್ತಿದ್ದರು. ಅಡಕತ್ತರಿ ನನ್ನ ಕಥೆಯ ಎಂಟನೇ ಅಧ್ಯಾಯದಲ್ಲಿದೆ. ಕೇಳಿಯೇ ಹಾಕಿದ್ದು.

ಅಜ್ಜ ಎರಡು ವರ್ಷದ ಹಿಂದೆ ಹೋದರು. ಮೊನ್ನೆ ಅಜ್ಜಿಯ ಹತ್ತಿರ ಕೂತು ಆ ಅಧ್ಯಾಯ ಓದಿ ಹೇಳಿದೆ. ಕಥೆಯಲ್ಲಿ ಹೆಂಡತಿ ಕೊನೆಗೆ ಗಂಡನನ್ನು ಕ್ಷಮಿಸುತ್ತಾಳೆ. ಅಜ್ಜಿ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿದರು.

"ಇಷ್ಟು ಬೇಗ ಯಾಕೆ ಬಿಟ್ಟಳು? ಆ ರೇಷನ್ ಕಾರ್ಡಿಗೆ ನಾನಿನ್ನೂ ಬೈತಾ ಇದ್ದೇನೆ."